ಸಲಮಾಂಕಾದ ಮನೆಯಲ್ಲಿ ಮೊದಲ ವಾರ: ಗಡಿಯಾರ, ಗ್ಯಾಸು, ಚಪ್ಪಲಿ

(ಸ್ಪೇನ್‌ಗೆ ಓದಲು ಹೊರಟಿರುವ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಮೈಸೂರಿನಲ್ಲಿ ಮಾತಾಡಿದ್ದನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಉಪಯೋಗ ಇರುವ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಲ್ಲಿ ಅಪ್ಪ ಅಮ್ಮಂದಿರು ಕೂತಿದ್ದೀರಿ, ಹೋಗುವ ಮಕ್ಕಳು ಹಿಂದೆ ಗೋಡೆಗೆ ಒರಗಿಕೊಂಡು ಕೂತಿದ್ದಾರೆ. ಪರವಾಗಿಲ್ಲ. ಇವತ್ತಿನ ಮಾತು ಇಬ್ಬರಿಗೂ ಬೇಕಾದದ್ದೇ.

ಸ್ಪ್ಯಾನಿಷ್ ಕಲಿಯೋದು ಹೇಗೆ ಅಂತ ನಾನು ಹೇಳೋದಿಲ್ಲ. ಅದಕ್ಕೆ ನಿಮ್ಮ ಮೇಷ್ಟ್ರುಗಳಿದ್ದಾರೆ. ನಾನು ಹೇಳೋದು ಮನೆಯ ವಿಷಯ. ನೀವು ಬಾಡಿಗೆ ರೂಮಿಗೆ ಹೋಗುತ್ತಿಲ್ಲ, ಹಾಸ್ಟೆಲಿಗೂ ಹೋಗುತ್ತಿಲ್ಲ. ಗುರುತು ಪರಿಚಯ ಇಲ್ಲದ ಒಂದು ಸ್ಪ್ಯಾನಿಷ್ ಕುಟುಂಬದ ಮನೆಯಲ್ಲಿ, ಅವರ ಊಟದ ಮೇಜಿನಲ್ಲಿ, ಅವರದೇ ಬಚ್ಚಲುಮನೆ ಬಳಸಿಕೊಂಡು ಇರೋಕೆ ಹೋಗುತ್ತಿದ್ದೀರಿ. ನಾನೂ ಹಾಗೇ ಇದ್ದೆ. ಆಮೇಲೆ ಹಾಗೆ ಹೋಗುವವರಿಗೆ ತಯಾರಿ ಮಾಡಿಸುವ ಕೆಲಸವೇ ನನ್ನದಾಯಿತು. ಈ ಕೆಲಸದಲ್ಲಿ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. ಮೊದಲ ವಾರದಲ್ಲಿ ಮಕ್ಕಳು ಫೋನ್ ಮಾಡಿ, 'ಇಲ್ಲಿನ ಸಂಸ್ಕೃತಿಗೆ ಹೊಂದಿಕೊಳ್ಳೋಕೆ ಆಗ್ತಿಲ್ಲ' ಅಂತ ಅಳುತ್ತಾರಲ್ಲ, ಅದರಲ್ಲಿ ಸಂಸ್ಕೃತಿ ಕಡಿಮೆ. ಮುಕ್ಕಾಲು ಪಾಲು ಗಡಿಯಾರ ಮತ್ತು ಬಿಲ್ಲು. ಆ ಮನೆ ಎಷ್ಟು ಗಂಟೆಗೆ ಏನು ಮಾಡುತ್ತದೆ, ಯಾವುದಕ್ಕೆ ಎಷ್ಟು ದುಡ್ಡು ಕೊಡುತ್ತದೆ, ಇವೆರಡು ಗೊತ್ತಾದರೆ ಅರ್ಧ ಅಳು ನಿಲ್ಲುತ್ತದೆ.

ನಿಮ್ಮಲ್ಲಿ ಜಾಸ್ತಿ ಜನ ಸಲಮಾಂಕಾಕ್ಕೆ ಹೋಗುತ್ತಿರುವುದರಿಂದ ಅದನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಮ್ಯಾಡ್ರಿಡ್‌ನಿಂದ ಪಶ್ಚಿಮಕ್ಕೆ ಸುಮಾರು 210 ಕಿಲೋಮೀಟರ್. ಬಸ್ಸಿನಲ್ಲಿ ಎರಡೂವರೆ ಗಂಟೆ, ರೈಲು ಅದಕ್ಕಿಂತ ಬೇಗ. ಊರು ಚಿಕ್ಕದು, ಒಂದೂವರೆ ಲಕ್ಷದೊಳಗೆ ಜನ. ವಿಶ್ವವಿದ್ಯಾಲಯ ಮಾತ್ರ 1218ರದ್ದು, ಸ್ಪೇನ್‌ನಲ್ಲಿ ಈಗಲೂ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲಿ ಅತಿ ಹಳೆಯದು. ಹಾಗಾಗಿ ಹೊರಗಿನಿಂದ ಬಂದ ವಿದ್ಯಾರ್ಥಿಯನ್ನು ಮನೆಯಲ್ಲಿ ಇಟ್ಟುಕೊಳ್ಳೋದು ಆ ಊರಿಗೆ ಹೊಸದೇನಲ್ಲ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರ, ಅಂದರೆ ಹೆಚ್ಚುಕಮ್ಮಿ ನಮ್ಮ ಮೈಸೂರಿನ ಎತ್ತರವೇ. ಅದನ್ನು ಕೇಳಿ 'ಹಾಗಾದ್ರೆ ಹವೆ ಹಿತವಾಗಿರುತ್ತೆ' ಅಂದುಕೊಂಡು ಒಂದು ತೆಳು ಸ್ವೆಟರ್ ಹಾಕಿಕೊಂಡು ಹೋಗಬೇಡಿ. ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಈಗ ಗಡಿಯಾರ.

ಸ್ಪೇನ್ ನಕ್ಷೆಯಲ್ಲಿ ಎಲ್ಲಿದೆ ನೋಡಿ. ದೇಶದ ಬಹುಪಾಲು ಲಂಡನ್ನಿನ ಗ್ರೀನಿಚ್ ರೇಖೆಗಿಂತ ಪಶ್ಚಿಮಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಲಂಡನ್ ಸಮಯವೇ ಅದಕ್ಕೆ ಸರಿ. ಆದರೆ 1940ರ ಮಾರ್ಚ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ ಜರ್ಮನಿಯ ಸಮಯಕ್ಕೆ ಸೇರಿಸಿತು. ಎರಡನೇ ಮಹಾಯುದ್ಧ ಮುಗಿಯಿತು, ಫ್ರಾಂಕೊನೂ ಹೋದ, ಗಡಿಯಾರ ಮಾತ್ರ ವಾಪಸ್ ಬರಲಿಲ್ಲ. ಬೇಸಿಗೆಯಲ್ಲಿ ಮೇಲಿಂದ ಇನ್ನೊಂದು ಗಂಟೆ ಸೇರುತ್ತದೆ. ಇದರಿಂದ ಏನಾಗುತ್ತೆ ಅಂದರೆ, ಜೂನ್ ಕೊನೆಯಲ್ಲಿ ಸಲಮಾಂಕಾದಲ್ಲಿ ಸೂರ್ಯ ಮುಳುಗೋದು ರಾತ್ರಿ 10ರ ಹತ್ತಿರ. ಸೆಪ್ಟೆಂಬರ್ ಕೊನೆಯಲ್ಲಿ ಕ್ಲಾಸಿಗೆ ಹೊರಡುವಾಗ, ಬೆಳಿಗ್ಗೆ 8 ದಾಟಿದರೂ ಹೊರಗೆ ಇನ್ನೂ ಮಬ್ಬು.

'ಸ್ಪೇನ್‌ನವರು ತಡವಾಗಿ ಊಟ ಮಾಡ್ತಾರೆ, ಸೋಮಾರಿಗಳು' ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಅವರು ಮಧ್ಯಾಹ್ನ ಎರಡೂವರೆಗೆ ಊಟಕ್ಕೆ ಕೂತಾಗ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಪೂರ್ತಿ ಕಾರಣ ಇದೊಂದೇ ಅಂತ ನಾನು ಹೇಳುತ್ತಿಲ್ಲ. ಕೆಲಸದ ವೇಳೆಯೂ ಹಾಗೇ ಬೆಳೆದುಕೊಂಡು ಬಂದಿದೆ. ಆದರೆ ಹೊಟ್ಟೆಗೆ ಕಾರಣ ಬೇಡ, ಅನ್ನ ಬೇಕು. ನೀವು ಬೆಳಿಗ್ಗೆ ಎದ್ದಾಗ ಸಿಗೋದು ಹಾಲು ಹಾಕಿದ ಕಾಫಿ, ನಾಲ್ಕು ಮರಿಯಾ ಬಿಸ್ಕತ್ತು, ಪುಣ್ಯ ಇದ್ದರೆ ಬ್ರೆಡ್ಡಿನ ಮೇಲೆ ಟೊಮ್ಯಾಟೊ ಮತ್ತು ಆಲಿವ್ ಎಣ್ಣೆ. ಅಷ್ಟೇ ತಿಂಡಿ. ಇಡ್ಲಿ ವಡೆ ಸಾಂಬಾರ್ ತಿಂದು ಬೆಳೆದ ಹೊಟ್ಟೆಗೆ ಅದು ತಿಂಡಿ ಅಂತಲೇ ಗೊತ್ತಾಗೋದಿಲ್ಲ. 11 ಗಂಟೆಗೆ ಕಣ್ಣು ಕತ್ತಲೆ ಬರುತ್ತೆ. ಆ ಹೊತ್ತಿಗೆ ಅಲ್ಲಿನವರೆಲ್ಲ ಹೊರಗೆ ಹೋಗಿ ಒಂದು ಕಾಫಿ, ಒಂದು ಸಣ್ಣ ಬೊಕಾದಿಯೊ, ಅಂದರೆ ಅಲ್ಲಿನ ಸ್ಯಾಂಡ್‌ವಿಚ್, ತಿನ್ನುತ್ತಾರೆ. ನೀವೂ ತಿನ್ನಿ. ಮನೆಯಿಂದ ಒಂದು ಹಣ್ಣು ತೆಗೆದುಕೊಂಡು ಹೋಗಬಹುದಾ ಅಂತ ಮೊದಲ ದಿನವೇ ಕೇಳಿ. ಖಂಡಿತ ತಗೋ ಅನ್ನುತ್ತಾರೆ. ಆದರೆ ಕೇಳದೆ ಫ್ರಿಜ್ ತೆಗೆಯಬೇಡಿ, ಅದು ಬೇರೆ ವಿಷಯ, ಅದಕ್ಕೆ ಬರುತ್ತೇನೆ.

ಎರಡೂವರೆಗೆ ದೊಡ್ಡ ಊಟ. ಮೊದಲ ತಟ್ಟೆ, ಎರಡನೇ ತಟ್ಟೆ, ಆಮೇಲೆ ಹಣ್ಣು, ಜೊತೆಗೆ ಬ್ರೆಡ್ಡು. ಮೊದಲ ತಟ್ಟೆಗೆ ಬೇಳೆಯ ಸಾರೋ ತರಕಾರಿಯೋ ಬಂದಾಗ 'ಇಷ್ಟೇ ಊಟ' ಅಂದುಕೊಂಡು ಮೂರು ಸಲ ಹಾಕಿಸಿಕೊಂಡು ಆಮೇಲೆ ಎರಡನೇ ತಟ್ಟೆ ಬಂದಾಗ ಮುಖ ಮುಖ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ರಾತ್ರಿ ಊಟ 9ರಿಂದ 10ರೊಳಗೆ, ಅದು ಹಗುರ. ಆಲೂಗಡ್ಡೆ ಮೊಟ್ಟೆಯ ತೊರ್ತಿಯ್ಯಾ, ಸೂಪು, ಸಲಾಡ್, ಮೊಸರಿನ ಡಬ್ಬಿ.

ಮಧ್ಯಾಹ್ನದ ಊಟ ಮುಗಿದ ಮೇಲೆ ಏಳಬೇಡಿ. ಇದನ್ನು ದಯವಿಟ್ಟು ಬರೆದುಕೊಳ್ಳಿ. ತಟ್ಟೆ ಖಾಲಿಯಾದ ತಕ್ಷಣ ಕೈ ತೊಳೆದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಅವರಿಗೆ ಬೇಜಾರಾಗುತ್ತದೆ. ಊಟ ಆದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೇಜಿನ ಸುತ್ತ ಸುಮ್ನೆ ಕೂತು ಮಾತಾಡೋದಿದೆಯಲ್ಲ, ಅದಕ್ಕೆ ಅವರು ಸೊಬ್ರೆಮೆಸಾ ಅನ್ನುತ್ತಾರೆ. ನೀವು ದುಡ್ಡು ಕಟ್ಟಿ ಕಲಿಯಲು ಹೋಗಿರುವ ಸ್ಪ್ಯಾನಿಷ್ ಅಲ್ಲೇ ಇದೆ, ಕ್ಲಾಸಿನಲ್ಲಿ ಇರೋದು ಅದರ ವ್ಯಾಕರಣ. ಸರಿಯಾಗಿ 3ಕ್ಕೆ ಟಿವಿಯಲ್ಲಿ ವಾರ್ತೆ ಬರುತ್ತದೆ, ಮನೆಯಲ್ಲಿ ಎಲ್ಲರೂ ಅದಕ್ಕೆ ಉತ್ತರ ಕೊಡುತ್ತಾರೆ. ಹೌದು, ಟಿವಿಗೇ. ರಾಜಕಾರಣಿ ಕಾಣಿಸಿದರೆ ಬೈಯುತ್ತಾರೆ, ಫುಟ್‌ಬಾಲ್ ಬಂದರೆ ಇನ್ನೂ ಜಾಸ್ತಿ ಬೈಯುತ್ತಾರೆ. ಮೊದಲ ವಾರ ನಿಮಗೆ ಒಂದಕ್ಷರ ಅರ್ಥವಾಗೋದಿಲ್ಲ. ಆದರೆ ಹವಾಮಾನ ವರದಿ ಬಂದಾಗ ಕಿವಿ ಕೊಡಿ. ಹಿಂದೆ ನಕ್ಷೆ ಇರುತ್ತದೆ, ಮೋಡದ ಚಿತ್ರ ಇರುತ್ತದೆ, ಅವೇ ಇಪ್ಪತ್ತು ಮೂವತ್ತು ಮಾತುಗಳು ದಿನಾ ತಿರುಗಿ ತಿರುಗಿ ಬರುತ್ತವೆ. ನಾನು ಕಂಡಂತೆ ಬಹಳ ಮಕ್ಕಳಿಗೆ ಪೂರ್ತಿ ಅರ್ಥವಾದ ಮೊದಲ ಸ್ಪ್ಯಾನಿಷ್ ಅಂದರೆ ನಾಳೆಯ ಮಳೆ.

ಇನ್ನು ಸಿಯೆಸ್ತಾ, ಅಂದರೆ ಮಧ್ಯಾಹ್ನದ ನಿದ್ದೆ. ಇಡೀ ಊರು ಮಲಗಿರುತ್ತೆ ಅನ್ನೋದು ಪ್ರವಾಸಿಗರ ಕಥೆ, ಕೆಲಸಕ್ಕೆ ಹೋಗುವವರು ಯಾರು ಮಲಗುತ್ತಾರೆ? ಆದರೆ ಸಣ್ಣ ಅಂಗಡಿಗಳು 2ರಿಂದ 5ರವರೆಗೆ ಮುಚ್ಚಿರುತ್ತವೆ. ಮನೆಯಲ್ಲಿರುವ ವಯಸ್ಸಾದವರು ಸೋಫಾದ ಮೇಲೆ ಕಣ್ಣು ಮುಚ್ಚುತ್ತಾರೆ. ಆ ಹೊತ್ತಲ್ಲಿ ಗಲಾಟೆ ಬೇಡ. ಅಮ್ಮಂದಿರೇ, ಇಲ್ಲಿ ಕೇಳಿ. ಮಗುವಿನ ಜೊತೆ ಮಾತಾಡಲು ನಿಮಗೆ ಒಳ್ಳೆಯ ಸಮಯ ಇದೇ. ಸ್ಪೇನ್‌ನಲ್ಲಿ ಮಧ್ಯಾಹ್ನ 4 ಅಂದರೆ ಇಲ್ಲಿ ಬೇಸಿಗೆಯ ಲೆಕ್ಕದಲ್ಲಿ ಸಂಜೆ ಏಳೂವರೆ, ಅಕ್ಟೋಬರ್ ಕೊನೆಯ ಭಾನುವಾರದ ನಂತರ ಎಂಟೂವರೆ. ಅವರ ರಾತ್ರಿ ಊಟದ ಹೊತ್ತಿಗೆ ಇಲ್ಲಿ ನಡುರಾತ್ರಿ ದಾಟಿರುತ್ತದೆ, ಆಗ ಎಚ್ಚರ ಇದ್ದು 'ಊಟ ಆಯ್ತಾ' ಅಂತ ಕೇಳಬೇಕಾಗಿಲ್ಲ. ಮಕ್ಕಳೇ, ನೀವು ಆ ಹೊತ್ತಲ್ಲಿ ವಿಡಿಯೋ ಕಾಲ್ ಮಾಡುವಾಗ ಇಯರ್‌ಫೋನ್ ಹಾಕಿಕೊಳ್ಳಿ. ನಮ್ಮ ಮನೆಗಳಲ್ಲಿ ಸ್ಪೀಕರ್ ಹಾಕಿ ಅಜ್ಜಿಯವರೆಗೂ ಫೋನ್ ತಿರುಗುತ್ತದೆ, ಅಲ್ವಾ? ಅಲ್ಲಿ ಗೋಡೆ ತೆಳು, ಪಕ್ಕದ ಕೋಣೆಯಲ್ಲಿ ಒಬ್ಬರು ಮಲಗಿರುತ್ತಾರೆ.

ಸರಿ, ಬಿಲ್ಲಿನ ಕಡೆ ಬರೋಣ. ಮಕ್ಕಳಿಗೆ ಜಾಸ್ತಿ ಬೈಗುಳ ಬೀಳೋದು ಇಲ್ಲೇ.

ಹಳೆಯ ಮನೆಗಳಲ್ಲಿ ಬಿಸಿನೀರು ಬರೋದು ಗ್ಯಾಸ್ ಸಿಲಿಂಡರಿನಿಂದ. ಕಿತ್ತಳೆ ಬಣ್ಣದ ಸಿಲಿಂಡರ್, ಹನ್ನೆರಡೂವರೆ ಕಿಲೋ, ನಮ್ಮ 14.2 ಕಿಲೋದಕ್ಕಿಂತ ಸ್ವಲ್ಪ ಚಿಕ್ಕದು. ಅದನ್ನು ತರುವವನು ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಾನೆ. ಅಡುಗೆಮನೆಯ ಮೂಲೆಯಲ್ಲೋ ಬಾಲ್ಕನಿಯಲ್ಲೋ ಗೋಡೆಗೆ ಒಂದು ಬಾಯ್ಲರ್ ಇರುತ್ತದೆ. ನೀವು ನಲ್ಲಿ ತಿರುಗಿಸಿದಾಗ ಅದು ಭುಗ್ ಅಂತ ಹೊತ್ತಿಕೊಳ್ಳುತ್ತದೆ. ಆ ಶಬ್ದ ಮನೆಯಲ್ಲಿ ಎಲ್ಲರಿಗೂ ಕೇಳುತ್ತದೆ. ಅಂದರೆ ನೀವು ಎಷ್ಟು ಹೊತ್ತು ಸ್ನಾನ ಮಾಡುತ್ತಿದ್ದೀರಿ ಅನ್ನೋದು ಅಡುಗೆಮನೆಯಲ್ಲಿ ನಿಂತ ಸೆನ್ಯೋರಾಗೆ, ಅಂದರೆ ಮನೆಯೊಡತಿಗೆ, ನಿಮಿಷ ನಿಮಿಷಕ್ಕೂ ಗೊತ್ತಾಗುತ್ತಿರುತ್ತದೆ. ಇಪ್ಪತ್ತು ನಿಮಿಷ ಆದಾಗ ಬಾಗಿಲು ತಟ್ಟುತ್ತಾರೆ. ಹಾಸನದ ಒಬ್ಬ ಹುಡುಗ, ಒಳ್ಳೆಯ ಹುಡುಗ, 'ನಮ್ಮವರು ಸ್ನಾನ ಮಾಡೋದೇ ಇವರಿಗೆ ಸಹಿಸಲ್ಲ' ಅಂತ ನನಗೆ ಉದ್ದನೆಯ ಸಂದೇಶ ಕಳಿಸಿದ್ದ. ಆಮೇಲೆ ಒಂದು ದಿನ ತಲೆಗೆ ಶಾಂಪೂ ಹಾಕಿಕೊಂಡಿದ್ದಾಗಲೇ ಸಿಲಿಂಡರ್ ಖಾಲಿಯಾಯಿತು. ನವೆಂಬರ್ ತಿಂಗಳು. ಸೆನ್ಯೋರಾ ಹೊಸ ಸಿಲಿಂಡರ್ ಜೋಡಿಸಿ ಮುಗಿಸುವವರೆಗೆ ಟವೆಲ್ ಸುತ್ತಿಕೊಂಡು ಹಲ್ಲು ಕಡಿಯುತ್ತಾ ನಿಂತಿದ್ದನಂತೆ. ಆಮೇಲೆ ಅವನ ಸಂದೇಶದ ಧಾಟಿಯೇ ಬದಲಾಯಿತು.

ಸ್ನಾನದ ಮಾತು ಬಂದಿದ್ದಕ್ಕೆ ಇನ್ನೆರಡು. ಬಕೆಟ್ಟು ಚೊಂಬು ಇರೋದಿಲ್ಲ. ಟಬ್ಬಿನೊಳಗೆ ನಿಂತು, ಪರದೆಯನ್ನು ಟಬ್ಬಿನ ಒಳಗಡೆಗೆ ಬಿಟ್ಟುಕೊಂಡು ಸ್ನಾನ ಮಾಡಬೇಕು. ಹೊರಗಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ಮೋರಿ ಇರೋದಿಲ್ಲ. ನಮ್ಮ ಅಭ್ಯಾಸದಲ್ಲಿ ದಬದಬ ಅಂತ ಸುರಿದುಕೊಂಡರೆ ನೀರು ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ, ಕೆಳಗಿನವರು ಮೇಲೆ ಬರುತ್ತಾರೆ. ಬಹಳ ಮನೆಗಳಲ್ಲಿ ಕಮೋಡಿನ ಪಕ್ಕ ಇನ್ನೊಂದು ಬೇಸಿನ್ನಿನಂಥದ್ದು ಇರುತ್ತದೆ, ಬಿಡೆ ಅಂತ. ಅದು ಕಾಲು ತೊಳೆಯೋಕಲ್ಲ. ಅದು ಏನಕ್ಕೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ, ಯುರೋಪಿನಲ್ಲಿ ನಮ್ಮ ಕಷ್ಟ ಅರ್ಥಮಾಡಿಕೊಂಡ ಒಂದೇ ವಸ್ತು ಅದು. (ಅಪ್ಪಂದಿರು ನಗುತ್ತಿದ್ದೀರಿ, ನಗಿ.) ಇನ್ನು ತಲೆಗೆ ಎಣ್ಣೆ ಹಚ್ಚಿಕೊಳ್ಳುವವರು ದಿಂಬಿನ ಮೇಲೆ ನಿಮ್ಮದೇ ಒಂದು ಹಳೆ ಟವೆಲ್ ಹಾಸಿಕೊಳ್ಳಿ.

ಕರೆಂಟು. ಅಲ್ಲಿ ಪ್ರತಿ ಮನೆಯೂ ಕರೆಂಟ್ ಕಂಪನಿಯ ಜೊತೆ 'ಒಂದೇ ಸಲಕ್ಕೆ ಇಷ್ಟು ಕಿಲೋವ್ಯಾಟ್ ಸಾಕು' ಅಂತ ಒಪ್ಪಂದ ಮಾಡಿಕೊಂಡಿರುತ್ತದೆ. ಜಾಸ್ತಿ ಬೇಕೆಂದರೆ ತಿಂಗಳ ಬಿಲ್ಲೂ ಜಾಸ್ತಿ. ಹಾಗಾಗಿ ಬಹಳ ಮನೆಗಳು ಕಡಿಮೆಗೇ ಒಪ್ಪಿಕೊಂಡಿರುತ್ತವೆ. ಓವನ್ ಉರಿಯುತ್ತಿದೆ, ವಾಷಿಂಗ್ ಮಷಿನ್ ತಿರುಗುತ್ತಿದೆ, ಆಗ ನೀವು ರೂಮಿನಲ್ಲಿ ಹೀಟರ್ ಹಾಕಿದರೆ ಇಡೀ ಮನೆ ಕತ್ತಲು. ಬಾಗಿಲ ಹಿಂದಿರುವ ಪೆಟ್ಟಿಗೆಯ ಸ್ವಿಚ್ ಮೇಲೆತ್ತಿದರೆ ಬರುತ್ತದೆ, ದೊಡ್ಡ ಅನಾಹುತವೇನಲ್ಲ. ಆದರೆ ದಿನಾ ಆದರೆ ಯಾರಿಗಾದರೂ ಸಿಟ್ಟು ಬರುತ್ತದೆ. 2021ರ ಜೂನ್‌ನಿಂದ ಅಲ್ಲಿ ಸರ್ಕಾರಿ ದರದ ಮೀಟರುಗಳಿಗೆ ಹೊತ್ತಿಗೊಂದು ಬೆಲೆ. ವಾರದ ದಿನಗಳಲ್ಲಿ ಬೆಳಿಗ್ಗೆ 10ರಿಂದ 2, ಸಂಜೆ 6ರಿಂದ 10 ದುಬಾರಿ. ನಡುರಾತ್ರಿಯಿಂದ ಬೆಳಿಗ್ಗೆ 8ರವರೆಗೆ ಮತ್ತು ಶನಿವಾರ ಭಾನುವಾರ ಪೂರ್ತಿ ಅಗ್ಗ. ಸೆನ್ಯೋರಾ ಯಾಕೆ ಭಾನುವಾರವೇ ಬಟ್ಟೆ ಒಗೆಯುತ್ತಾರೆ, ಮಂಗಳವಾರ ಸಂಜೆ 'ನನ್ನ ಜೀನ್ಸ್ ಒಗೀಬಹುದಾ' ಅಂದರೆ ಯಾಕೆ ಮುಖ ಗಂಟಿಕ್ಕುತ್ತಾರೆ ಅನ್ನೋದಕ್ಕೆ ಉತ್ತರ ಆ ಮೀಟರಿನಲ್ಲಿದೆ. ನಿಮ್ಮ ಮೇಲಿನ ಕೋಪವೇನೂ ಅಲ್ಲ.

ಬಟ್ಟೆ ಒಣಹಾಕೋದು ಕಿಟಕಿಯಿಂದಾಚೆ. ಕಟ್ಟಡದ ಮಧ್ಯೆ ಒಂದು ಬಾವಿಯಂಥ ಅಂಗಳ ಇರುತ್ತದೆ, ನಾಲ್ಕೂ ಕಡೆಯ ಕಿಟಕಿಗಳಿಗೆ ರಾಟೆ ಕಟ್ಟಿದ ಹಗ್ಗ. ಒಂದು ಕೈಯಲ್ಲಿ ಹಗ್ಗ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಕ್ಲಿಪ್ ಹಾಕಬೇಕು. ಬನಿಯನ್ ಜಾರಿ ಬಿದ್ದರೆ ಕೆಳಗಿನ ಮನೆಯವರ ಬಾಗಿಲು ತಟ್ಟಿ ಕೇಳಿ ತರಬೇಕು. ಸ್ಪ್ಯಾನಿಷ್ ಅಭ್ಯಾಸಕ್ಕೆ ಒಳ್ಳೆಯದು.

ಚಪ್ಪಲಿಯ ವಿಷಯಕ್ಕೆ ನಮ್ಮ ಪ್ರತಿ ಮಗುವೂ ಬೈಸಿಕೊಳ್ಳುತ್ತದೆ, ಅದೂ ಮೊದಲ ದಿನವೇ. ನಾವು ಹೊಸಿಲ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುವವರು. ಅದು ನಮಗೆ ಮರ್ಯಾದೆ. ಅಲ್ಲಿ ಬರಿಗಾಲಲ್ಲಿ ನಿಂತಿದ್ದನ್ನು ನೋಡಿದ ತಕ್ಷಣ ಸೆನ್ಯೋರಾ ಕೈ ಎತ್ತಿ ಕೂಗುತ್ತಾರೆ, ನೆಗಡಿ ಬರುತ್ತೆ, ಚಪ್ಪಲಿ ಹಾಕಿಕೋ ಅಂತ. ಕಲ್ಲಿನ ನೆಲ, ಚಳಿ ಊರು, ಮೇಲಾಗಿ ಹೊರಗಿನ ಬೂಟಿನಲ್ಲೇ ಮನೆಯೊಳಗೆ ಓಡಾಡುವ ಜನ. ನೆಲ ಬರಿಗಾಲಿಗೆ ಅಂತ ಇಟ್ಟಿದ್ದೇ ಅಲ್ಲ. ಸೂಟ್‌ಕೇಸಿನಲ್ಲಿ ಮನೆಯೊಳಗೆ ಹಾಕಿಕೊಳ್ಳುವ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ. ಇಷ್ಟರಲ್ಲಿ ಮುಗಿಯುತ್ತದೆ. ಇದರ ಬಗ್ಗೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕೂತಿರುವ ಅಮ್ಮಂದಿರಿಗೆ ಇದೊಂದೇ ಚಿಂತೆ ಅಂತ ಗೊತ್ತು.

ಮಾಂಸ ತಿನ್ನುವವರಿಗೆ ತೊಂದರೆ ಇಲ್ಲ, ಖಾರ ಸಾಲದು ಅನ್ನೋದು ಬಿಟ್ಟರೆ. ಸಸ್ಯಾಹಾರಿಗಳು ಸ್ವಲ್ಪ ಗಮನ ಕೊಡಿ. ನೀವು ಹೋಗುತ್ತಿರುವುದು ಹಂದಿಮಾಂಸಕ್ಕೆ ಹೆಸರುವಾಸಿಯಾದ ಜಿಲ್ಲೆಗೆ. ಸಲಮಾಂಕಾ ಪ್ರಾಂತ್ಯದ ಗಿಹುಯೆಲೊ ಊರಿನ ಹಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ, ಇಡೀ ಸ್ಪೇನ್‌ನಲ್ಲಿ ಪ್ರಸಿದ್ಧ, ಬಾರುಗಳ ಸೂರಿನಿಂದ ಇಡೀ ತೊಡೆಗಳೇ ನೇತಾಡುತ್ತಿರುತ್ತವೆ. ತಮಾಷೆ ಅಂದರೆ ಅದೇ ಪ್ರಾಂತ್ಯದ ಲಾ ಅರ್ಮುಞಾ ಬಯಲಿನ ಮಸೂರವೂ ಅಷ್ಟೇ ಪ್ರಸಿದ್ಧ. ಪಕ್ಕದ ಸಮೋರಾದ ಫ್ಯುಯೆಂತೆಸೌಕೊದ ಕಾಬೂಲಿ ಕಡಲೆಯೂ. ಅಂದರೆ ಬೇಳೆಕಾಳಿಗೆ ಬರ ಇಲ್ಲ. ಬರ ಇರೋದು ಅದರಲ್ಲಿ ಚೋರಿಸೊ ಅನ್ನುವ ಹಂದಿಮಾಂಸದ ಸಾಸೇಜ್ ಹಾಕದ ಪಾತ್ರೆಗೆ.

'ನಾನು ವೆಜಿಟೇರಿಯನ್' ಅಂದರೆ ಸಾಲದು. ತಲೆ ಆಡಿಸಿ, ಸಲಾಡ್ ಮೇಲೆ ಟ್ಯೂನಾ ಮೀನು ಉದುರಿಸಿ ತಂದುಕೊಡುತ್ತಾರೆ. ಬಟಾಣಿ ಪಲ್ಯದಲ್ಲಿ ಸಣ್ಣಗೆ ಹೆಚ್ಚಿದ ಹಮೋನ್ ಇರುತ್ತದೆ, ಕೇಳಿದರೆ 'ಇಷ್ಟೇ ಇಷ್ಟು, ರುಚಿಗೆ' ಅನ್ನುತ್ತಾರೆ. ಮೋಸ ಮಾಡಬೇಕು ಅಂತ ಅಲ್ಲ. ಅವರ ಲೆಕ್ಕದಲ್ಲಿ ಒಗ್ಗರಣೆಗೆ ಹಾಕಿದ್ದು ಮಾಂಸದ ಅಡುಗೆ ಆಗೋದಿಲ್ಲ. ಆದ್ದರಿಂದ ಒಂದೊಂದಾಗಿ ಪಟ್ಟಿ ಹೇಳಬೇಕು. 'ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಚೋರಿಸೊ, ನಿ ಆತೂನ್.' ಮಾಂಸ, ಮೀನು, ಹಮೋನ್, ಚೋರಿಸೊ, ಟ್ಯೂನಾ ಯಾವುದೂ ತಿನ್ನೋಲ್ಲ. ಮಾಂಸ ಬೇಯಿಸಿದ ನೀರಿನ ಸಾರೂ ಬೇಡ ಅನ್ನೋದನ್ನೂ ಸೇರಿಸಿ. ಮೊಟ್ಟೆ ತಿನ್ನೋದಿಲ್ಲ ಅಂದರೆ ಹೊರಡುವ ಮುಂಚೆಯೇ, ಮನೆ ಹುಡುಕಿಕೊಡುವವರಿಗೆ ಬರೆದು ತಿಳಿಸಿ. ಯಾಕೆಂದರೆ ಅಲ್ಲಿನ ಮನೆಗಳಲ್ಲಿ ಮಾಂಸ ಇಲ್ಲದ ರಾತ್ರಿ ಊಟ ಅಂದರೆ ಮೊಟ್ಟೆಯೇ. ಪೊಲ್ವೊರೋನ್ ಅಂತ ಕ್ರಿಸ್‌ಮಸ್ ಸಿಹಿ ಬರುತ್ತದೆ, ಅದನ್ನು ಹಂದಿ ಕೊಬ್ಬಿನಲ್ಲಿ ಮಾಡುವ ರೂಢಿ. ಹೊರ್ನಾಸೊ ಅಂತ ಸಲಮಾಂಕಾದ್ದೇ ಒಂದು ತಿನಿಸಿದೆ, ಹೊರಗಿನಿಂದ ನೋಡಿದರೆ ಚೆನ್ನಾಗಿ ಬೆಂದ ಬ್ರೆಡ್ಡು, ಒಳಗೆ ಪೂರ್ತಿ ಮಾಂಸ. ಕೇಳಿ ಕಚ್ಚಿ.

ಇಲ್ಲಿ ನಮ್ಮ ಸಂಕೋಚ ಬಹಳ ಕೆಟ್ಟದ್ದು ಮಾಡುತ್ತದೆ. ಅವರು ತಟ್ಟೆ ಇಟ್ಟಾಗ ಏನೂ ಹೇಳದೆ, ಬದಿಗೆ ಸರಿಸುತ್ತಾ, 'ಹೊಟ್ಟೆ ತುಂಬಿದೆ' ಅನ್ನುತ್ತೇವೆ. ರಾತ್ರಿ ರೂಮಿನಲ್ಲಿ ಚಕ್ಲಿ ತಿನ್ನುತ್ತೇವೆ. ಮಾರನೇ ದಿನ ಕಸ ಗುಡಿಸುವಾಗ ಸೆನ್ಯೋರಾಗೆ ಪುಡಿ ಸಿಗುತ್ತದೆ. ತನ್ನ ಅಡುಗೆ ಈ ಮಗುವಿಗೆ ಸೇರಲಿಲ್ಲ ಅಂತ ಆಕೆಗೆ ನೋವಾಗುತ್ತದೆ. ದಾವಣಗೆರೆಯ ಹುಡುಗಿಯೊಬ್ಬಳು ಇದನ್ನು ಬೇರೆ ಥರ ನಿಭಾಯಿಸಿದಳು. ಮೂರನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ಫೋನಿನಲ್ಲಿ ಅನುವಾದ ಮಾಡಿಕೊಂಡು, 'ನೀವು ಮಸೂರ ಬೇಯಿಸುವಾಗ ಚೋರಿಸೊ ಹಾಕುವ ಮುಂಚೆ ನನಗೊಂದು ಬಟ್ಟಲು ತೆಗೆದಿಡ್ತೀರಾ' ಅಂತ ಕೇಳಿದಳು. ಆಗಲಿ ಅಂದರಂತೆ, ಅಷ್ಟೇ. ಆ ಬಟ್ಟಲಿಗೆ ಮೇಲಿಂದ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಹೊಗೆಯಲ್ಲಿ ಒಣಗಿಸಿದ ಲಾ ವೆರಾದ ಮೆಣಸಿನಪುಡಿ ಹಾಕಿ ಒಗ್ಗರಣೆ ಮಾಡೋದನ್ನು ಅವಳೇ ತೋರಿಸಿದಳು. ಆಮೇಲೆ ಆ ಮನೆಯವರೂ ಅದನ್ನೇ ಕೇಳಿ ಹಾಕಿಸಿಕೊಳ್ಳತೊಡಗಿದರು.

ಆದರೆ ಅಡುಗೆಮನೆ ಅವರದ್ದು. ನಿಮ್ಮ ಒಪ್ಪಂದದಲ್ಲಿ ಊಟ ಸೇರಿದ್ದರೆ, ನೀವೇ ಅಡುಗೆ ಮಾಡಿಕೊಳ್ಳುವ ಅವಕಾಶ ಸಾಮಾನ್ಯವಾಗಿ ಸೇರಿರೋದಿಲ್ಲ. ಫ್ರಿಜ್ಜೂ ಹಾಗೇ. ಅದರಲ್ಲಿರುವ ನಾಲ್ಕು ಮೊಸರಿನ ಡಬ್ಬಿಗಳು ನಾಲ್ಕು ಜನರ ನಾಳೆಯ ಊಟಕ್ಕೆ ಎಣಿಸಿ ಇಟ್ಟಿದ್ದು. ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ, ಕೆಲವರಿಗೆ ಹಿಡಿಸೋದಿಲ್ಲ. ಆ ಮನೆಗೆ ನೀವು ಆದಾಯ. ಮಕ್ಕಳು ಬೇರೆ ಊರು ಸೇರಿ ಖಾಲಿಯಾದ ಕೋಣೆ, ಸಾಕಾಗದ ಪಿಂಚಣಿ, ಅದಕ್ಕೆ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುತ್ತಾರೆ. ದುಡ್ಡು ತಗೊಂಡರು ಅಂದಮಾತ್ರಕ್ಕೆ ಅವರ ಅಕ್ಕರೆ ಸುಳ್ಳಾಗೋದಿಲ್ಲ. ನೀವು ಜ್ವರ ಬಂದು ಮಲಗಿದರೆ ಗಂಜಿಯಂಥ ಸೂಪು ಮಾಡಿ ತಂದುಕೊಡುವವರೂ ಅವರೇ. ಅವರು ನಿಮಗಾಗಿ ಮಾಡುವ ಖರ್ಚು ಆ ದುಡ್ಡಿನೊಳಗೇ ಮುಗಿಯಬೇಕು ಅನ್ನೋದು ನಿಮ್ಮ ತಲೆಯಲ್ಲಿದ್ದರೆ, ಗ್ಯಾಸು ಕರೆಂಟಿನ ಮಾತಿಗೆಲ್ಲ ಮುಖ ಊದಿಸಿಕೊಳ್ಳೋದಿಲ್ಲ.

ಉಡುಗೊರೆ ಏನು ಒಯ್ಯೋದು ಅಂತ ಎಲ್ಲರೂ ಕೇಳುತ್ತೀರಿ. ಹಾಲಿನ ಪೇಡ, ತುಪ್ಪ, ಪನೀರ್ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರೋದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧ ಇದೆ, ವಿಮಾನ ನಿಲ್ದಾಣದಲ್ಲೇ ತೆಗೆದು ಎಸೆಯಬಹುದು. ಚಿಕ್ಕಮಗಳೂರಿನದೋ ಕೊಡಗಿನದೋ ಒಳ್ಳೆಯ ಕಾಫಿಪುಡಿ ಒಯ್ಯಿರಿ, ಚಿಕೋರಿ ಇಲ್ಲದ್ದು. ಅಲ್ಲಿನ ಮನೆಗಳಲ್ಲಿ ಒಲೆ ಮೇಲಿಡುವ ಅಲ್ಯೂಮಿನಿಯಂ ಕಾಫಿ ಪಾತ್ರೆ ಇರುತ್ತದೆ, ಅದಕ್ಕೆ ಸರಿಹೋಗುತ್ತದೆ. ಮೈಸೂರು ಸ್ಯಾಂಡಲ್ ಸೋಪೂ ಆದೀತು. ರೇಷ್ಮೆ ಸೀರೆ ಕೊಟ್ಟು ಅವರಿಗೆ ಮುಜುಗರ ಮಾಡಬೇಡಿ.

ಕರೆಯೋದು ಹೇಗೆ? ಎಪ್ಪತ್ತು ವರ್ಷದವರನ್ನು ಹೆಸರು ಹಿಡಿದು ಕರೆಯಿರಿ ಅಂತ ಅವರೇ ಹೇಳುತ್ತಾರೆ. ನಮ್ಮ ನಾಲಿಗೆ ತಿರುಗೋದಿಲ್ಲ. ಅವರು ಹೇಳುವವರೆಗೆ ನಮ್ಮ ಮರ್ಯಾದೆಯ 'ನೀವು' ಥರದ 'ಉಸ್ತೆದ್' ಬಳಸಿ, ಹೇಳಿದ ಮೇಲೆ 'ನೀನು' ಥರದ 'ತು' ಅನ್ನಿ. ಆಮೇಲೂ 'ಉಸ್ತೆದ್' ಹಿಡಿದು ಕೂತರೆ ಅವರನ್ನು ದೂರ ಇಟ್ಟಂತೆ. ಮೊದಲ ಭೇಟಿಯಲ್ಲಿ ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಮುತ್ತು ಕೊಡುತ್ತಾರೆ. ಗಂಡಸರು ಗಂಡಸರಿಗೆ ಕೈ ಕುಲುಕುತ್ತಾರೆ. ಇಷ್ಟವಿಲ್ಲದಿದ್ದರೆ ಮೊದಲೇ ಕೈ ಮುಂದೆ ಚಾಚಿ, ಯಾರೂ ತಪ್ಪು ತಿಳಿಯೋದಿಲ್ಲ.

ಊರು ನೋಡೋದರ ಬಗ್ಗೆ ನಾನು ಹೆಚ್ಚು ಹೇಳೋಲ್ಲ. ಮೊದಲ ಸಂಜೆಯೇ ನಿಮ್ಮನ್ನು ಪ್ಲಾಸಾ ಮಯೋರ್‌ಗೆ ಕರೆದುಕೊಂಡು ಹೋಗುತ್ತಾರೆ. 1729ರಲ್ಲಿ ಶುರುವಾಗಿ 1755ರಲ್ಲಿ ಮುಗಿದ ಚೌಕ, ವಿಯ್ಯಾಮಯೋರ್ ಕಲ್ಲಿನಲ್ಲಿ ಕಟ್ಟಿದ್ದು, ಸಂಜೆ ಬಿಸಿಲಿಗೆ ಹೊನ್ನಿನ ಬಣ್ಣ ಬರುತ್ತದೆ. ಯಾರನ್ನಾದರೂ ಭೇಟಿಯಾಗಬೇಕಾದರೆ ಇಡೀ ಊರು 'ಗಡಿಯಾರದ ಕೆಳಗೆ' ಅನ್ನುತ್ತದೆ, ಅದು ಅಲ್ಲಿನ ಗಡಿಯಾರವೇ. ವಿಶ್ವವಿದ್ಯಾಲಯದ ಹಳೇ ಮುಖಮಂಟಪದ ಕೆತ್ತನೆಯಲ್ಲಿ ಒಂದು ತಲೆಬುರುಡೆ, ಅದರ ಮೇಲೊಂದು ಕಪ್ಪೆ ಇದೆ. ಯಾರೂ ತೋರಿಸದೆ ಕಂಡುಹಿಡಿದವರು ಪರೀಕ್ಷೆಯಲ್ಲಿ ಪಾಸು ಅಂತ ನಂಬಿಕೆ. ಎಲ್ಲಿದೆ ಅಂತ ನಾನು ಹೇಳೋದಿಲ್ಲ.

ಕಾಗದಪತ್ರ. ಇದು ಬೋರು, ಆದರೆ ಮೊದಲ ತಿಂಗಳಲ್ಲೇ ಮುಗಿಯಬೇಕು. ಆರು ತಿಂಗಳಿಗಿಂತ ಜಾಸ್ತಿ ಇರುವವರು ದೇಶಕ್ಕೆ ಕಾಲಿಟ್ಟ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಡಬೇಕು, ಅದಕ್ಕೆ ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳಬೇಕು. ಆ ಸಮಯ ಸಿಗೋದೇ ಕಷ್ಟ, ಹಾಗಾಗಿ ಬಂದಿಳಿದ ಮಾರನೇ ದಿನವೇ ಹುಡುಕಲು ಶುರುಮಾಡಿ. ನೀವು ಆ ವಿಳಾಸದಲ್ಲಿ ವಾಸವಿದ್ದೀರಿ ಅಂತ ನಗರಸಭೆಯಲ್ಲಿ ಹೆಸರು ಬರೆಸಬೇಕು, ಎಂಪಾದ್ರೊನಾಮಿಯೆಂತೊ ಅನ್ನುತ್ತಾರೆ. ಅದಕ್ಕೆ ಮನೆಯವರ ಸಹಿ ಬೇಕಾಗುತ್ತದೆ. ಕೆಲವು ಮನೆಯವರು ಹಿಂಜರಿಯುತ್ತಾರೆ. ಮನೆ ಒಪ್ಪಿಕೊಳ್ಳುವ ಮುಂಚೆ ಇಲ್ಲಿಂದಲೇ ಕೇಳಿ ಇಟ್ಟುಕೊಳ್ಳಿ.

ಅರ್ಜಿಗಳಲ್ಲಿ ಇನ್ನೊಂದು ಫಜೀತಿ. ಸ್ಪೇನ್‌ನವರಿಗೆ ಎರಡು ಮನೆತನದ ಹೆಸರು, ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ನಮಗೋ ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಾಗ ಅಪ್ಪನ ಹೆಸರೇ ಮನೆತನದ ಹೆಸರಾಗಿ ಕೂತಿರುತ್ತದೆ. ಕಚೇರಿಯಲ್ಲಿ 'ಮಲ್ಲಿಕಾರ್ಜುನಪ್ಪ' ಅಂತ ಕೂಗಿದರೆ ಗಾಬರಿಯಾಗಿ ಅಪ್ಪನನ್ನು ಹುಡುಕಬೇಡಿ, ಕರೆದದ್ದು ನಿಮ್ಮನ್ನೇ. ಎಲ್ಲ ಅರ್ಜಿಯಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ, ಎರಡನೇ ಹೆಸರಿನ ಜಾಗ ಖಾಲಿ ಬಿಡಿ.

ಪ್ರಶ್ನೆಗಳಲ್ಲಿ ಕೆಲವು.

ಒಬ್ಬ ತಾಯಿ: ಸಣ್ಣ ರೈಸ್ ಕುಕ್ಕರ್ ಕಳಿಸಬಹುದಾ?

ಬೇಡಮ್ಮ. ನಮ್ಮ ಮೂರು ಪಿನ್ನಿನ ಪ್ಲಗ್ಗು ಅಲ್ಲಿ ಕೂರೋದಿಲ್ಲ. ಫೋನ್ ಚಾರ್ಜರಿನ ತೆಳು ಎರಡು ಪಿನ್ನಿನದು ಮಾತ್ರ ಕೂರುತ್ತದೆ. ಅಡಾಪ್ಟರ್ ಹಾಕಿ ರೂಮಿನಲ್ಲಿ ಕದ್ದು ಅನ್ನ ಮಾಡಿದರೆ ಮನೆಯ ಕರೆಂಟ್ ಹೋಗುತ್ತದೆ, ಆಮೇಲೆ ಕದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಅನ್ನದ ಆಸೆಯಾದರೆ ಅರ್ರೋಸ್ ಕೋನ್ ಲೆಚೆ ಮಾಡಿಕೊಡಿ ಅಂತ ಕೇಳಲಿ, ಅಕ್ಕಿ ಹಾಲು ಸಕ್ಕರೆ, ಮೇಲೆ ದಾಲ್ಚಿನ್ನಿ ಪುಡಿ. ಪಾಯಸ ಅಂತ ತಿನ್ನಬಹುದು.

ಒಬ್ಬ ಹುಡುಗಿ: ರಾತ್ರಿ ತಡವಾಗಿ ಬಂದರೆ ಏನಂದುಕೊಳ್ಳುತ್ತಾರೆ?

ಏನೂ ಅಂದುಕೊಳ್ಳೋದಿಲ್ಲ. ಬೇಸಿಗೆಯಲ್ಲಿ ರಾತ್ರಿ 11ಕ್ಕೆ ಅಜ್ಜಿಯರೂ ಮಕ್ಕಳೂ ಚೌಕದಲ್ಲಿ ಇರುತ್ತಾರೆ. ಆದರೆ ಊಟಕ್ಕೆ ಬರೋದಿಲ್ಲ ಅಂದರೆ ಮೊದಲೇ ಒಂದು ಸಂದೇಶ ಹಾಕಬೇಕು, ಯಾಕೆಂದರೆ ಅವರು ಬಡಿಸಿಕೊಂಡು ಕಾಯುತ್ತಾರೆ. ಬಾಗಿಲು ಹಾಕಿದ ತಕ್ಷಣ ಲಾಕ್ ಆಗುವಂಥದ್ದು, ಕಸ ಹಾಕೋಕೆ ಹೊರಗೆ ಹೋಗುವಾಗಲೂ ಬೀಗದ ಕೈ ಜೇಬಲ್ಲಿರಲಿ. ಒಳಗೆ ಬಂದ ಮೇಲೆ ಕಿಟಕಿಯ ರೋಲಿಂಗ್ ಶಟರ್ ಎಳೆಯಬೇಡಿ. ರಾತ್ರಿ ಎರಡಕ್ಕೆ ಆ ಪೆರ್ಸಿಯಾನಾ ಇಳಿಸಿದರೆ ಮೇಲಿನ ಮಹಡಿಯವರೂ ಏಳುತ್ತಾರೆ. ಏನಾದರೂ ತುರ್ತು ಅಂದರೆ 112.

ಹಿಂದಿನ ಸಾಲಿನ ಹುಡುಗ: ಮನೆ ನಿಜವಾಗಿಯೂ ಸರಿಯಿಲ್ಲ ಅಂದ್ರೆ?

ಅದೂ ಆಗುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದು ಒಳ್ಳೆಯ ಮನೆಗಳ ಲೆಕ್ಕ. ಚಳಿಗಾಲದಲ್ಲಿ ಹೀಟರ್ ಹಾಕದ ಮನೆ, ಒಪ್ಪಿಕೊಂಡ ಊಟ ಕೊಡದ ಮನೆ, ಒಂದು ಕೋಣೆ ಅಂತ ಹೇಳಿ ಇಬ್ಬರನ್ನು ತುಂಬಿದ ಮನೆ, ಎಲ್ಲ ಇವೆ. ಗಡಿಯಾರಕ್ಕೆ, ಗ್ಯಾಸಿಗೆ ಹೊಂದಿಕೊಳ್ಳಿ, ಇದಕ್ಕೆ ಹೊಂದಿಕೊಳ್ಳಬೇಡಿ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರಂತೂ ಒಂದು ದಿನವೂ ಕಾಯಬೇಡಿ. ಏನಾಯಿತು ಅಂತ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ, ಫೋಟೋ ತೆಗೆಯಿರಿ, ನಿಮಗೆ ಮನೆ ಕೊಡಿಸಿದ ಕಚೇರಿಗೆ ನೀವೇ ಹೋಗಿ ಹೇಳಿ. ಅಪ್ಪನಿಂದ ಇಲ್ಲಿಂದ ಫೋನ್ ಮಾಡಿಸೋದರಿಂದ ಕೆಲಸ ಆಗೋದಿಲ್ಲ, ನೀವು ಎದುರಿಗೆ ಹೋಗಿ ನಿಂತರೆ ಆಗುತ್ತದೆ. ಬೇರೆ ಮನೆ ಕೊಡುತ್ತಾರೆ, ನಮ್ಮ ಮಕ್ಕಳು ಬದಲಾಯಿಸಿಕೊಂಡಿದ್ದಾರೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ 2 ಆದರೆ ಕಚೇರಿ ಮುಚ್ಚುತ್ತಾರೆ.